ಓಗಮ್ ಶಕುನದ ಕಡ್ಡಿಗಳು: ರೋವನ್ ಪುಟ ಚೆನ್ನ, ಇತಿಹಾಸ ಸಡಿಲ

ಐರ್ಲೆಂಡಿನ ಪ್ರಾಚೀನ ಓಗಮ್ ಲಿಪಿಯ ಅಕ್ಷರಗಳನ್ನು ಕೊರೆದ 25 ಮರದ ಕಡ್ಡಿಗಳು, ಒಂದು ಬಟ್ಟೆಯ ಚೀಲ ಮತ್ತು ಅರ್ಥ ವಿವರಿಸುವ ಕಿರುಪುಸ್ತಿಕೆ ಈ ಪೆಟ್ಟಿಗೆಯಲ್ಲಿವೆ. ಕೆತ್ತನೆ ಅಚ್ಚುಕಟ್ಟಾಗಿದೆ; ಆದರೆ ಕಡ್ಡಿಗಳೆಲ್ಲವೂ ಒಂದೇ ಜಾತಿಯ ಮರದವಾಗಿರುವುದರಿಂದ, ಪ್ರತಿ ಅಕ್ಷರಕ್ಕೂ ಅದರೊಂದಿಗೆ ಗುರುತಿಸಲಾಗುವ ಮರವನ್ನೇ ನಿರೀಕ್ಷಿಸುವವರಿಗೆ ನಿರಾಸೆಯಾದೀತು.

ಪುಸ್ತಿಕೆಯಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಎರಡನೆಯ ಅಕ್ಷರವಾದ ಲುಯಿಸ್ ಮತ್ತು ಅದರೊಂದಿಗೆ ಗುರುತಿಸಲಾಗುವ ರೋವನ್ ಮರದ ವಿವರಣೆ. ಕೆಂಪು ಹಣ್ಣಿನ ಗೊಂಚಲು ಬಿಡುವ ಈ ಮರದ ಕಡ್ಡಿ ಕೈಗೆ ಬಂದರೆ ರಕ್ಷಣೆ ಮತ್ತು ಎಚ್ಚರ ಎಂದು ಇಂದಿನ ಶಕುನಗಾರರು ಅರ್ಥ ಹೇಳುತ್ತಾರೆ. ಸ್ಕಾಟ್ಲೆಂಡಿನ ಹಳ್ಳಿಗರು ಮಾಟ ತಗಲದಿರಲೆಂದು ರೋವನ್ ಕಡ್ಡಿಗಳನ್ನು ಕೆಂಪು ದಾರದಿಂದ ಶಿಲುಬೆಯಾಗಿ ಕಟ್ಟಿ ದನದ ಕೊಟ್ಟಿಗೆಗೆ ತೂಗುಹಾಕುತ್ತಿದ್ದುದನ್ನೂ, ಮಧ್ಯಯುಗದ ಐರಿಷ್ ಬರಹಗಳು ಇದೇ ಅಕ್ಷರವನ್ನು ‘ದನಗಳ ಗೆಳೆಯ’ ಎಂದು ಒಗಟಿನಂತೆ ಕರೆದುದನ್ನೂ ಪುಸ್ತಿಕೆ ಸೊಗಸಾಗಿ ಜೋಡಿಸುತ್ತದೆ.

ಇತಿಹಾಸದ ಭಾಗವನ್ನು ಮಾತ್ರ ನಂಬುವಂತಿಲ್ಲ. ಡ್ರುಯಿಡರ (ಕೆಲ್ಟಿಕ್ ಜನರ ಪುರೋಹಿತರು) ಪ್ರಾಚೀನ ಪಂಚಾಂಗವೆಂದು ಇಲ್ಲಿ ಕೊಟ್ಟಿರುವ 13 ತಿಂಗಳ ವೃಕ್ಷಮಾಲೆಯನ್ನು ಪ್ರಚಾರಕ್ಕೆ ತಂದವರು ಕವಿ ರಾಬರ್ಟ್ ಗ್ರೇವ್ಸ್, ಅದೂ 1948ರಲ್ಲಿ. ಮೂಲ ಲಿಪಿಯಲ್ಲಿದ್ದುದು 20 ಅಕ್ಷರಗಳು; ಮಿಕ್ಕ ಐದು ಅನಂತರ ಸೇರಿದವು. ಉಳಿದಿರುವ ಓಗಮ್ ಶಿಲಾಶಾಸನಗಳಲ್ಲಿ ಹೆಚ್ಚಿನವು ವ್ಯಕ್ತಿಗಳ ಹೆಸರುಗಳನ್ನಷ್ಟೇ ಹೇಳುತ್ತವೆ, ಭವಿಷ್ಯವನ್ನಲ್ಲ. ಜಾನಪದದ ಆಸಕ್ತಿಯಿಂದ ಕೊಳ್ಳುವವರಿಗೆ ಕಡ್ಡಿಗಳೂ ರೋವನ್ ಪುಟವೂ ಸಾಕಷ್ಟು ತೃಪ್ತಿ ಕೊಡುತ್ತವೆ. ಪಂಚಾಂಗದ ಅಧ್ಯಾಯವನ್ನು ಓದದೆ ಬಿಡಬಹುದು.