ಉಪರಾಷ್ಟ್ರಪತಿ ಬೇಕಾ? ಭಾರತದ ದಾರಿ, ಜರ್ಮನಿಯ ದಾರಿ

ಕಾಲೇಜಿನ ಚರ್ಚಾಸ್ಪರ್ಧೆಗೆ ಯಾವ ಪಕ್ಷ ಹಿಡಿಯಲಿ ಅಂತ ಯೋಚಿಸ್ತಾ ಇದ್ದೀರಾ? ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ.

ಜರ್ಮನಿಯಲ್ಲಿ ಉಪರಾಷ್ಟ್ರಪತಿ ಹುದ್ದೆಯೇ ಇಲ್ಲ. ರಾಷ್ಟ್ರಪತಿ ಇಲ್ಲದಾಗ ಬುಂಡೆಸ್ರಾಟ್ (ಅಲ್ಲಿನ ರಾಜ್ಯಗಳನ್ನು ಪ್ರತಿನಿಧಿಸುವ ಸದನ) ಅಧ್ಯಕ್ಷರು ಆ ಕೆಲಸ ನೋಡಿಕೊಳ್ಳುತ್ತಾರೆ. 2012ರಲ್ಲಿ ರಾಷ್ಟ್ರಪತಿ ಕ್ರಿಸ್ಟಿಯಾನ್ ವುಲ್ಫ್ ರಾಜೀನಾಮೆ ಕೊಟ್ಟಾಗ ಹಾಗೇ ಆಯಿತು. ಖರ್ಚು ಕಡಿಮೆ, ಗೊಂದಲವೂ ಇಲ್ಲ. ಆದರೆ ಆ ಅಧ್ಯಕ್ಷರು ಸಾಮಾನ್ಯವಾಗಿ ಒಂದು ರಾಜ್ಯದ ಮುಖ್ಯಸ್ಥರು, ಸರದಿ ಬರೀ ಒಂದು ವರ್ಷ.

ನಮ್ಮಲ್ಲಿ ಉಪರಾಷ್ಟ್ರಪತಿಗೆ ಐದು ವರ್ಷದ ಅವಧಿ. ಸಂಸತ್ತಿನ ಎರಡೂ ಸದನದವರು ಮತ ಹಾಕುತ್ತಾರೆ, ಶಾಸಕರಿಗೆ ಮತವಿಲ್ಲ. ದಿನನಿತ್ಯದ ಕೆಲಸ ರಾಜ್ಯಸಭೆ ನಡೆಸುವುದು. ಸಂಬಳವೂ ಸಭಾಪತಿ ಅಂತಲೇ ಬರುತ್ತದೆ! ಮತಗಳು ಸಮ ಆದಾಗ ಮಾತ್ರ ಅವರು ಮತ ಹಾಕಬಹುದು.

ಆದರೆ ರಾಷ್ಟ್ರಪತಿ ತೀರಿಕೊಂಡರೆ ಇದೇ ಹುದ್ದೆಯ ತೂಕ ಗೊತ್ತಾಗುತ್ತದೆ. 1977ರ ಫೆಬ್ರವರಿಯಲ್ಲಿ ಫಕ್ರುದ್ದೀನ್ ಅಲಿ ಅಹ್ಮದ್ ನಿಧನರಾದಾಗ ಉಪರಾಷ್ಟ್ರಪತಿಯಾಗಿದ್ದ ನಮ್ಮ ಬಿ.ಡಿ. ಜತ್ತಿಯವರು ಜುಲೈವರೆಗೆ ಹಂಗಾಮಿ ರಾಷ್ಟ್ರಪತಿಯಾಗಿದ್ದರು. ಅದೇ ಹೊತ್ತಿಗೆ ಇಂದಿರಾ ಗಾಂಧಿ ಸೋತು ಸರ್ಕಾರವೇ ಬದಲಾಯಿತು. 1969ರಲ್ಲಂತೂ ಹಂಗಾಮಿ ರಾಷ್ಟ್ರಪತಿಯಾಗಿದ್ದ ಉಪರಾಷ್ಟ್ರಪತಿ ವಿ.ವಿ. ಗಿರಿಯೇ ರಾಜೀನಾಮೆ ಕೊಟ್ಟು, ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಆ ಕುರ್ಚಿಯಲ್ಲಿ ಕೂರಬೇಕಾಯಿತು.

ನಾನಾಗಿದ್ದರೆ 'ಬೇಕು' ಅನ್ನುವ ಕಡೆ ನಿಲ್ಲುತ್ತಿದ್ದೆ. 'ಬೇಡ' ಅಂತ ವಾದಿಸುವವರು ಜರ್ಮನಿಯನ್ನು ಚೆನ್ನಾಗಿ ಓದಿಕೊಂಡು ಹೋಗಿ.