ಫ್ರೀಕ್ಯಾಡ್ ಶೀಟ್‌ಮೆಟಲ್ ವರ್ಕ್‌ಬೆಂಚ್: ಬಾಗಿದ ಪಾರ್ಟಿಗೆ ಫ್ಲ್ಯಾಂಜ್ ಹಾಕೋಕೆ ಆಗುತ್ತಾ?

ಫ್ರೀಕ್ಯಾಡ್ ಅನ್ನೋ ಬಿಟ್ಟಿ 3ಡಿ ಡಿಸೈನ್ ಸಾಫ್ಟ್‌ವೇರಲ್ಲಿ ಶೀಟ್‌ಮೆಟಲ್ (ತಗಡಿನ) ಕೆಲಸ, ಅದರಲ್ಲೂ ಫ್ಲ್ಯಾಂಜ್ ಅಂದ್ರೆ ಅಂಚಲ್ಲಿ ಮಡಚಿದ ಪಟ್ಟಿ ಹಾಕೋದು, ನಡೆಯುತ್ತಾ ಅಂತ ಕೇಳಿದ್ರೆ, ನೇರ ಎಡ್ಜ್‌ಗಳಿಗೆ (ಅಂಚುಗಳಿಗೆ) ಕಣ್ಣು ಮುಚ್ಕೊಂಡು ಹೌದು ಅಂತೀನಿ, ಬಾಗಿದ ಎಡ್ಜ್ ಅಂದ್ರೆ ಸ್ವಲ್ಪ ತಡೀರಿ. ಇದಕ್ಕಿರೋ ಶೀಟ್‌ಮೆಟಲ್ ವರ್ಕ್‌ಬೆಂಚ್ (ಟೂಲ್‌ಗಳ ಸೆಟ್) ಫ್ರೀಕ್ಯಾಡ್ ಜೊತೆಗೇ ಬರಲ್ಲ, ಆಡ್‌ಆನ್ ಮ್ಯಾನೇಜರಿಂದ ಹಾಕ್ಕೋಬೇಕು, ದುಡ್ಡೇನೂ ಇಲ್ಲ, ಇನ್‌ಸ್ಟಾಲ್ ಬಗ್ಗೆ ಇಷ್ಟು ಸಾಕು.

ಇದರಲ್ಲಿ ನಂಗೆ ತುಂಬಾ ಹಿಡಿಸಿದ್ದು ಬೇಸ್ ವಾಲ್, ಅಂದ್ರೆ ಸ್ಕೆಚಿಂದ ಮೊದಲ ತಗಡು ಮಾಡೋ ಕಮಾಂಡ್. ಒಂದು ಓಪನ್ ಸ್ಕೆಚಲ್ಲಿ (ಎರಡು ತುದಿ ಕೂಡದ ಗೆರೆಚಿತ್ರ) ಗೆರೆ, ಆರ್ಕ್ (ಕಮಾನು), ಮತ್ತೆ ಗೆರೆ ಎಳೆದು ಉದ್ದ ಕೊಟ್ರೆ ರೋಲ್ ಮಾಡಿದ ಪಾರ್ಟು, ಅದರ ಎರಡೂ ಬದಿಯ ನೇರ ಫ್ಲ್ಯಾಂಜು ಎಲ್ಲಾ ಒಂದೇ ಸಲಕ್ಕೆ ಬರುತ್ತೆ, ಅನ್‌ಫೋಲ್ಡೂ ಆಗುತ್ತೆ, ಅಂದ್ರೆ ಕಟ್ ಮಾಡೋಕೆ ಬೇಕಾದ ಚಪ್ಪಟೆ ಆಕಾರ ಸಿಗುತ್ತೆ. ಸಿಲಿಂಡರಿನ ಉದ್ದಕ್ಕೆ ಹೋಗೋ ಎಡ್ಜ್ ನೇರವಾಗೇ ಇರುತ್ತಲ್ಲ, ಅಲ್ಲಿ ಫ್ಲ್ಯಾಂಜ್ ಅಂದ್ರೆ ಮಾಮೂಲಿ ಬೆಂಡೇ.

ತಲೆನೋವು ಇರೋದು ಸಿಲಿಂಡರಿನ ತುದಿಯ ದುಂಡನೆ ಎಡ್ಜಲ್ಲಿ. ಫ್ಲ್ಯಾಂಜ್ ಸೇರಿಸೋ ವಾಲ್ ಕಮಾಂಡ್ ಇರೋದು ನೇರ ಎಡ್ಜ್‌ಗೆ, ಅದನ್ನ ದುಂಡನೆ ಎಡ್ಜ್ ಮೇಲೆ ಪ್ರಯೋಗ ಮಾಡ್ಬೇಡಿ. ಇದಕ್ಕೆ ಸಾಫ್ಟ್‌ವೇರನ್ನ ಬೈಯೋರು ಜಾಸ್ತಿ, ಆದ್ರೆ ನನ್ ಪ್ರಕಾರ ಅದು ನ್ಯಾಯ ಅಲ್ಲ, ಯಾಕಂದ್ರೆ ಅಲ್ಲಿ ನಡೆಯೋದು ಬರೀ ಬೆಂಡಿಂಗ್ ಅಲ್ಲವೇ ಅಲ್ಲ. 100 ಮಿಮೀ ರೇಡಿಯಸ್ಸಿನ ಡ್ರಮ್ ತಗೊಳ್ಳಿ, ಅದರ ಬಾಯಿಯ ಸುತ್ತಳತೆ ಸುಮಾರು 628 ಮಿಮೀ. 20 ಮಿಮೀ ಫ್ಲ್ಯಾಂಜ್ ಹೊರಕ್ಕೆ ಮಡಚಿದ್ರೆ ಅದೇ ಅಂಚು 754 ಮಿಮೀ ಆಗ್ಬೇಕು, ಅಂದ್ರೆ 20% ಹಿಗ್ಗಬೇಕು, ಅಂಚಲ್ಲಿ ಕಟಿಂಗ್ ಬರ್ (ಕತ್ತರಿಸಿದಾಗ ಉಳಿಯೋ ಚೂಪು ಸಿಬಿರು) ಉಳಿದಿದ್ರೆ ಬಿರುಕು ಶುರುವಾಗೋದೇ ಅಲ್ಲಿಂದ. ಒಳಕ್ಕೆ ಮಡಚಿದ್ರೆ 503ಕ್ಕೆ ಕುಗ್ಗಬೇಕು, ಆಗ ಲೋಹ ಎಲ್ಲಿ ಹೋಗ್ಬೇಕು, ನಿರಿಗೆ ಬೀಳುತ್ತೆ. ನಂಬಿಕೆ ಬರದಿದ್ರೆ ಒಂದು ಹಾಳೆ ಮೇಲೆ ಕಮಾನಿನ ಗೆರೆ ಎಳೆದು ಅದರ ಗುಂಟ ಮಡಚಿ ನೋಡಿ, ಉಳಿದ ಹಾಳೆ ಚಪ್ಪಟೆಯಾಗಿ ಇರೋಕೆ ಒಪ್ಪೋದೇ ಇಲ್ಲ.

ಫ್ರೀಕ್ಯಾಡಿನ ಇನ್ನೊಂದು ವರ್ಕ್‌ಬೆಂಚ್ ಪಾರ್ಟ್ ಡಿಸೈನಲ್ಲಿ ರಿವಾಲ್ವ್ ಮಾಡಿ (ಆಕಾರವನ್ನ ಅಕ್ಷದ ಸುತ್ತ ತಿರುಗಿಸಿ) ಚೆಂದದ ಫ್ಲ್ಯಾಂಜ್ ತೋರಿಸಿಬಿಡಬಹುದು, ಸ್ಕ್ರೀನ್ ಮೇಲೆ ನೋಡೋಕೆ ಏನೂ ತೊಂದ್ರೆ ಇಲ್ಲ, ಆದ್ರೆ ಆ ಮೂಲೆಯಲ್ಲಿ ಹುಟ್ಟೋ ಮೇಲ್ಮೈ ಎರಡೂ ದಿಕ್ಕಿಗೆ ಬಾಗಿರುತ್ತೆ, ಅದನ್ನ ಹಿಗ್ಗಿಸದೆ ಚಪ್ಪಟೆ ಮಾಡೋಕೆ ಗಣಿತದಲ್ಲೇ ದಾರಿ ಇಲ್ಲ, ಅನ್‌ಫೋಲ್ಡ್ ಕೈ ಎತ್ತೋದು ಸರಿಯೇ. ಮಾಡೆಲ್ ಬಂತು ಅಂತ ಪಾರ್ಟ್ ಬರಲ್ಲ!

ಹಾಗಾದ್ರೆ ದಾರಿ? ನಾನು ಬಳಸೋದು ಹೀಗೆ. ಆರ್ಕ್ ಬದಲು ಸಣ್ಣ ಸಣ್ಣ ನೇರ ಗೆರೆ ಹಾಕೋದು, ಪ್ರೆಸ್ ಬ್ರೇಕ್ ಅನ್ನೋ ತಗಡು ಮಡಚೋ ಮಷಿನ್ನಲ್ಲಿ ಸ್ವಲ್ಪ ಸ್ವಲ್ಪವೇ ಒತ್ತಿ ಕರ್ವ್ ತರ್ತಾರಲ್ಲ, ಅದೇ ಥರ. 100 ರೇಡಿಯಸ್ಸಿಗೆ 10 ಡಿಗ್ರಿಗೊಂದು ಬೆಂಡ್ ಅಂದ್ರೆ ಒಂದೊಂದು ಪಟ್ಟಿ ಸುಮಾರು 17.4 ಮಿಮೀ ಅಗಲ, ನಿಜವಾದ ಕರ್ವಿಂದ ವ್ಯತ್ಯಾಸ 0.4 ಮಿಮೀಗಿಂತ ಕಮ್ಮಿ, ಕವರ್, ಗಾರ್ಡ್ ಥರದ್ದಕ್ಕೆ ಧಾರಾಳ ಸಾಕು. ಈಗ ತುದಿಯ ಪ್ರತಿ ಎಡ್ಜೂ ನೇರ, ಒಂದೊಂದಕ್ಕೂ ವಾಲ್ ಹಾಕಬಹುದು, ಎಡ ಬಲ ಗ್ಯಾಪ್ ಕೊಡೋ ಆಯ್ಕೆ ಅಲ್ಲೇ ಇದೆ. ಹೊರಕ್ಕಾದ್ರೆ ಟ್ಯಾಬ್‌ಗಳ (ಈ ಸಣ್ಣ ಫ್ಲ್ಯಾಂಜ್‌ಗಳ) ಮಧ್ಯೆ ತಾನಾಗೇ ವಿ ಆಕಾರದಲ್ಲಿ ಬಿಟ್ಕೊಳ್ಳುತ್ತೆ, ಒಳಕ್ಕಾದ್ರೆ ಒಂದರ ಮೇಲೊಂದು ಏರುತ್ತೆ, ಮೈಟರ್ ಕೋನ (ಬದಿಯನ್ನ ಓರೆಯಾಗಿ ಕತ್ತರಿಸೋ ಕೋನ) ಕೊಡ್ಲೇಬೇಕು. ಎಲ್ಲಾ ನೇರ ಬೆಂಡುಗಳೇ ಆದ್ದರಿಂದ ಅನ್‌ಫೋಲ್ಡ್ ಆಗುತ್ತೆ. ಪಾರ್ಟ್ ಗಾಳಿ ನೀರು ಸೋರಬಾರದು ಅಂತಿದ್ರೆ ಮಾತ್ರ ಇದು ಬೇಡ, ರಿಂಗನ್ನ ಬೇರೆ ಶೀಟಲ್ಲಿ ಲೇಸರ್ ಕಟ್ ಮಾಡಿಸಿ ವೆಲ್ಡ್ ಹಾಕಿಸೋದೇ ವಾಸಿ, ಮಾಡೆಲಲ್ಲೂ ಎರಡು ಪಾರ್ಟ್ ಅಂತಲೇ ತೋರಿಸಿ.

ಇನ್ನು ಕೆ ಫ್ಯಾಕ್ಟರ್, ಅಂದ್ರೆ ಬೆಂಡಲ್ಲಿ ಹಿಗ್ಗದೆ ಕುಗ್ಗದೆ ಇರೋ ಪದರ ತಗಡಿನ ದಪ್ಪದಲ್ಲಿ ಎಲ್ಲಿದೆ ಅನ್ನೋ ಸಂಖ್ಯೆ, ಚಪ್ಪಟೆ ಉದ್ದದ ಲೆಕ್ಕ ಇದರ ಮೇಲೇ. ಅನ್‌ಫೋಲ್ಡ್ ಮಾಡುವಾಗ ಎಎನ್ಎಸ್ಐ (ಅಮೆರಿಕದ ಮಾನದಂಡ), ಡಿಐಎನ್ (ಜರ್ಮನಿಯದ್ದು) ಎರಡರಲ್ಲಿ ಯಾವುದು ಅಂತ ಕೇಳುತ್ತೆ, ಇದನ್ನ ಹಗುರವಾಗಿ ತಗೋಬೇಡಿ, ಡಿಐಎನ್ ಸಂಖ್ಯೆ ಎಎನ್ಎಸ್ಐದ ಎರಡರಷ್ಟು. 2 ಮಿಮೀ ಶೀಟಿಗೆ ಎಎನ್ಎಸ್ಐದ 0.44 ಅನ್ನ ಡಿಐಎನ್ ಜಾಗದಲ್ಲಿ ತುಂಬಿದ್ರೆ 90 ಡಿಗ್ರಿಯ ಒಂದೊಂದು ಬೆಂಡಿಗೂ ಚಪ್ಪಟೆ ಉದ್ದ ಸುಮಾರು 0.7 ಮಿಮೀ ಕಮ್ಮಿ ಬರುತ್ತೆ, ನಾಲ್ಕು ಬೆಂಡ್ ಇದ್ರೆ ಹತ್ರ ಹತ್ರ 2.8. ದೊಡ್ಡ ರೇಡಿಯಸ್ಸಿನ ರೋಲಿಂಗಿಗೂ ಬಿಗಿ ಬೆಂಡಿಗೂ ಒಂದೇ ಕೆ ಫ್ಯಾಕ್ಟರ್ ಹೊಂದಲ್ಲ, ರೋಲಿಂಗಲ್ಲಿ ಅದು ಎಎನ್ಎಸ್ಐ ಲೆಕ್ಕದಲ್ಲಿ 0.5ರ ಹತ್ರ ಹೋಗುತ್ತೆ. ಇದಕ್ಕೆ ರೇಡಿಯಸ್ ಭಾಗಿಸು ದಪ್ಪ ಅನ್ನೋ ಲೆಕ್ಕದಲ್ಲಿ ಸ್ಪ್ರೆಡ್‌ಶೀಟಲ್ಲೇ ಟೇಬಲ್ ಕೊಡೋ ಸೌಲಭ್ಯ ಇಟ್ಟಿದ್ದಾರೆ, ಬಿಟ್ಟಿ ಟೂಲಲ್ಲಿ ಇದು ಸಿಗೋದು ನಿಜವಾಗ್ಲೂ ಖುಷಿ.

ಬೇಜಾರು ಅಂದ್ರೆ ಇಷ್ಟೇ, ಒಂಬತ್ತು ಹತ್ತು ಟ್ಯಾಬ್‌ಗಳಿಗೆ ಗ್ಯಾಪು, ಮೈಟರು ಸರಿ ಮಾಡ್ತಾ ಕೂರೋದು ಬೋರು. 5ಕ್ಕೆ 3.5 ಕೊಡ್ತೀನಿ, ಡಕ್ಟು, ಗಾರ್ಡು, ಬಾಕ್ಸು ಮಾಡೋರಿಗೆ 4 ಅಂತ ಓದ್ಕೊಳ್ಳಿ, ಕಾರಿನ ಬಾಡಿ ಪ್ಯಾನೆಲ್ ಥರ ಪ್ರೆಸ್ ಟೂಲಲ್ಲಿ ಎಳೆದು ಮಾಡೋ ಪಾರ್ಟ್ ಇದ್ದೋರು ಇದನ್ನ ಇನ್‌ಸ್ಟಾಲ್ ಮಾಡೋ ಗೋಜಿಗೇ ಹೋಗ್ಬೇಡಿ, ನಿಮಗೆ ಬೇಕಾಗಿರೋದು ಫಾರ್ಮಿಂಗ್ ಸಿಮ್ಯುಲೇಷನ್.