ಅಳುವ ಹುಡುಗಿ ನಾಯಕಿಯಾಗಬಾರದೇ?

ಹಯಾವೊ ಮಿಯಾಝಾಕಿ ನಿರ್ದೇಶನದ ಜಪಾನಿ ಆನಿಮೇಷನ್ ಚಿತ್ರ ‘ಸ್ಪಿರಿಟೆಡ್ ಅವೇ’ ಬಗ್ಗೆ ಒಂದು ಆಕ್ಷೇಪ ಪದೇ ಪದೇ ಕಿವಿಗೆ ಬೀಳುತ್ತದೆ. ದೃಶ್ಯಗಳು ಚೆಂದ, ಜೋ ಹಿಸಾಯಿಶಿಯ ಸಂಗೀತ ಚೆಂದ, ಆದರೆ ಪಾತ್ರಗಳು ಮಾತ್ರ ಸಪ್ಪೆ ಎಂದು. ನಾಯಕಿ ಚಿಹಿರೊ ಅಳುಬುರುಕಿ, ಪುಕ್ಕಲಿ, ಅವಳ ಕೆಲಸವನ್ನೆಲ್ಲ ಬೇರೆಯವರೇ ಮಾಡಿಕೊಡುತ್ತಾರಂತೆ. ಮಾಟಗಾತಿ ಯುಬಾಬಾ ಅತ್ತ ಖಳನಾಯಕಿಯೂ ಅಲ್ಲ, ಇತ್ತ ಒಳ್ಳೆಯವಳೂ ಅಲ್ಲವಂತೆ. ಮುಖವಾಡ ತೊಟ್ಟ ಕಪ್ಪು ನೆರಳಿನಂಥ ಆ ಕಾಓನಾಶಿಗೆ ತಲೆಬುಡವೇ ಇಲ್ಲವಂತೆ. ಇಂಥ ಮಾತು ಕೇಳಿಕೊಂಡು ಸುಮ್ಮನಿರುವುದು ನನ್ನಿಂದಾಗದು. ಐದನೆಯ ತರಗತಿಗೆ ಪಾಠ ಹೇಳುವವಳು ನಾನು. ನನ್ನೆದುರು ಕೂರುವ ಮಕ್ಕಳೆಲ್ಲ ಚಿಹಿರೊಳ ಓರಗೆಯವರು. ಹತ್ತು ವರ್ಷದ ಮಗುವನ್ನು ಇಷ್ಟು ಪ್ರಾಮಾಣಿಕವಾಗಿ ತೋರಿಸಿದ ಇನ್ನೊಂದು ಆನಿಮೇಷನ್ ಚಿತ್ರವನ್ನು ನಾನು ನೋಡಿಲ್ಲ.

ಮೊದಲ ದೃಶ್ಯದಲ್ಲಿ ಚಿಹಿರೊ ಕಾರಿನ ಹಿಂದಿನ ಸೀಟಿನಲ್ಲಿ ಬಿದ್ದುಕೊಂಡಿದ್ದಾಳೆ. ಕೈಯಲ್ಲಿ ಬೀಳ್ಕೊಡುಗೆಗೆ ಸಿಕ್ಕ ಹೂಗುಚ್ಛ. ಹೊಸ ಶಾಲೆಯನ್ನು ತೋರಿಸಿದರೆ ನಾಲಗೆ ಚಾಚುತ್ತಾಳೆ. ತನಗೆ ಸಿಕ್ಕ ಮೊದಲ ಹೂಗುಚ್ಛವೇ ವಿದಾಯದ್ದಾಯಿತಲ್ಲ ಎಂದು ಗೊಣಗುತ್ತಾಳೆ. ಹುಟ್ಟುಹಬ್ಬಕ್ಕೆ ಗುಲಾಬಿ ಸಿಕ್ಕಿರಲಿಲ್ಲವೇ ಎಂದು ಅಮ್ಮ ಕೇಳಿದರೆ, ಒಂದೇ ಒಂದು ಹೂವನ್ನು ಯಾರಾದರೂ ಗುಚ್ಛ ಎನ್ನುತ್ತಾರೆಯೇ ಎಂಬ ಮರುಪ್ರಶ್ನೆ. ಟೀಕಾಕಾರರು ಇಲ್ಲಿಯೇ ಅವಳಿಗೆ ‘ರಗಳೆಯ ಹುಡುಗಿ’ ಎಂದು ಹಣೆಪಟ್ಟಿ ಅಂಟಿಸಿಬಿಡುತ್ತಾರೆ. ಊರು ಬಿಟ್ಟು, ಗೆಳತಿಯರನ್ನು ಬಿಟ್ಟು, ತನ್ನನ್ನು ಕೇಳದೆಯೇ ಆದ ತೀರ್ಮಾನಕ್ಕೆ ತಲೆಬಾಗಿ ಹೊರಟ ಮಗು ನಗುನಗುತ್ತಾ ಹಾಡು ಹೇಳಬೇಕಿತ್ತೇ? ಶಾಲೆ ಬದಲಿಸಿ ಬಂದ ಮಕ್ಕಳ ಮೊದಲ ವಾರದ ಮುಖವನ್ನು ಕಂಡವರು ಯಾರೂ ಈ ದೃಶ್ಯವನ್ನು ತಪ್ಪು ಎನ್ನಲಾರರು. ಮಿಯಾಝಾಕಿ ಈ ಚಿತ್ರವನ್ನು ಮಾಡಿದ್ದೇ ತಮ್ಮ ಪರಿಚಿತರ ಹತ್ತು ವರ್ಷದ ಹೆಣ್ಣುಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು. ಆ ಮಕ್ಕಳನ್ನು ಅವರು ಗಮನವಿಟ್ಟು ನೋಡಿದ್ದಾರೆ ಎಂಬುದು ಈ ಕಾರಿನ ಸೀಟಿನಲ್ಲಿಯೇ ತಿಳಿಯುತ್ತದೆ.

ಇನ್ನು ಪುಕ್ಕಲುತನದ ಮಾತು. ದೈವಗಳಿಗೆಂದು ಇಟ್ಟ ಊಟ ತಿಂದು ಅಪ್ಪ ಅಮ್ಮ ಹಂದಿಗಳಾಗಿದ್ದಾರೆ, ಕತ್ತಲಾಗಿದೆ, ದೈವಗಳು ಮೀಯಲು ಬರುವ ಸ್ನಾನಗೃಹದಲ್ಲಿ ಮನುಷ್ಯಳು ಇವಳೊಬ್ಬಳೇ. ಬಾಯ್ಲರ್ ಕೋಣೆಗೆ ಇಳಿಯಲು ಗೋಡೆಯ ಹೊರಗೆ ಕಡಿದಾದ ಮರದ ಮೆಟ್ಟಿಲುಗಳಿವೆ. ಹಿಡಿದುಕೊಳ್ಳಲು ಏನೂ ಇಲ್ಲ. ಚಿಹಿರೊ ಕುಳಿತುಕೊಂಡು, ಒಂದೊಂದೇ ಮೆಟ್ಟಿಲಿಗೆ ಕಾಲಿಟ್ಟು, ಗೋಡೆಗೆ ಒತ್ತಿಕೊಂಡು ಇಳಿಯುತ್ತಾಳೆ. ಒಂದು ಮೆಟ್ಟಿಲು ಮುರಿಯುತ್ತದೆ. ಆಮೇಲೆ ಅವಳಿಗೆ ತನ್ನ ಕಾಲುಗಳನ್ನು ನಿಲ್ಲಿಸಲಾಗದು. ಕಿರುಚುತ್ತಾ ಕೆಳಗಿನವರೆಗೆ ಓಡಿ ಗೋಡೆಗೆ ಹೋಗಿ ಅಪ್ಪಳಿಸುತ್ತಾಳೆ. ಚಿತ್ರ ಈ ಇಳಿಯುವಿಕೆಗೆ ಸಾಕಷ್ಟು ಸಮಯ ಕೊಡುತ್ತದೆ, ಅವಸರಪಡಿಸುವುದಿಲ್ಲ. ಈಗ ಇದರ ಪಕ್ಕದಲ್ಲಿ, ಅಲ್ಲಿ ಅವಳಿಗೆ ನೆರವಾಗುವ, ಡ್ರ್ಯಾಗನ್ ರೂಪ ತಾಳಬಲ್ಲ ಹುಡುಗ ಹಾಕು ಗಾಯಗೊಂಡು ರಕ್ತ ಸುರಿಸುತ್ತಾ ಮೇಲಿನ ಅಂತಸ್ತಿಗೆ ಹಾರಿದ ನಂತರದ ದೃಶ್ಯವನ್ನು ಇಟ್ಟು ನೋಡಿ. ಅದೇ ಕಟ್ಟಡ, ಅದೇ ಎತ್ತರ, ಅದೇ ಹುಡುಗಿ. ಈ ಬಾರಿ ಮೆಟ್ಟಿಲೂ ಇಲ್ಲ, ಗೋಡೆಗುಂಟ ಹಾದುಹೋದ ತುಕ್ಕು ಹಿಡಿದ ಕೊಳವೆ ಮಾತ್ರ. ಅವಳು ಅದರ ಮೇಲೆ ಓಡುತ್ತಾಳೆ. ಕಾಲಡಿಯಲ್ಲಿ ಕೊಳವೆ ಕಳಚಿ ಬೀಳುತ್ತಿದ್ದರೂ ಓಡಿ, ಏಣಿಗೆ ಜೋತುಬಿದ್ದು ಮೇಲೆ ಹತ್ತುತ್ತಾಳೆ. ನಡುವೆ ಯಾರೂ ಅವಳಿಗೆ ಧೈರ್ಯದ ಬಗ್ಗೆ ಉಪದೇಶ ಮಾಡಿಲ್ಲ, ಯಾವ ಮಾಂತ್ರಿಕ ಶಕ್ತಿಯೂ ಅವಳಿಗೆ ಬಂದಿಲ್ಲ. ಮೊದಲಿನ ಭಯವನ್ನು ಅಷ್ಟು ವಿವರವಾಗಿ ತೋರಿಸದೆ ಹೋಗಿದ್ದರೆ ಎರಡನೆಯ ಓಟಕ್ಕೆ ಬೆಲೆಯೇ ಇರುತ್ತಿರಲಿಲ್ಲ. ಪಾತ್ರ ಬೆಳೆಯುವುದಿಲ್ಲ ಎನ್ನುವವರು ಈ ಎರಡು ದೃಶ್ಯಗಳಿಗೆ ಏನು ಉತ್ತರ ಕೊಡುತ್ತಾರೋ ನೋಡಬೇಕು.

ಅವಳು ಅಳುತ್ತಾಳೆ, ನಿಜ. ಎಲ್ಲಿ ಅಳುತ್ತಾಳೆ ಎಂಬುದನ್ನೂ ನೋಡಬೇಕಲ್ಲವೇ? ಸ್ನಾನಗೃಹದ ಒಡತಿ ಯುಬಾಬಾ ಅವಳ ಬಾಯಿಯನ್ನೇ ಮಂತ್ರದಿಂದ ಮುಚ್ಚಿಹಾಕಿ, ಹೆದರಿಸಿ, ಚೀರಾಡಿದರೂ ಅವಳದು ಒಂದೇ ಪಟ್ಟು: ‘ನನಗೆ ಇಲ್ಲಿ ಕೆಲಸ ಕೊಡಿ.’ ಹಂದಿಗಳಾದ ತಂದೆತಾಯಿಯನ್ನು ದೊಡ್ಡಿಯಲ್ಲಿ ಕಂಡಾಗಲೂ, ನಿಮ್ಮನ್ನು ಬಿಡಿಸಿಯೇ ತೀರುತ್ತೇನೆ, ದಪ್ಪಗಾಗಬೇಡಿ ಎಂದು ಕೂಗಿ ಹೇಳಿ ಹೊರಗೋಡುತ್ತಾಳೆ. ಆಮೇಲೆ ಹೂಗಿಡಗಳ ಮರೆಯಲ್ಲಿ ಹಾಕು ಅನ್ನದ ಉಂಡೆ ಕೊಡುತ್ತಾನೆ. ಹಸಿವಿಲ್ಲ ಎನ್ನುತ್ತಾಳೆ. ಅವನು ಒತ್ತಾಯಿಸಿದ ಮೇಲೆ ಒಂದು ತುತ್ತು, ಇನ್ನೊಂದು ತುತ್ತು, ಮತ್ತೆ ಕಣ್ಣಿಂದ ದಪ್ಪ ದಪ್ಪ ಹನಿಗಳು. ಅಳುತ್ತಲೇ ತಿನ್ನುತ್ತಾಳೆ, ತಿನ್ನುತ್ತಲೇ ಬಿಕ್ಕುತ್ತಾಳೆ. ಮಕ್ಕಳು ಪೆಟ್ಟು ಬಿದ್ದ ಗಳಿಗೆಯಲ್ಲಿ ಅಳದೆ, ಯಾರೋ ಪ್ರೀತಿಯಿಂದ ತಲೆ ಸವರಿದಾಗ ಅಳುವುದನ್ನು ತರಗತಿಯಲ್ಲಿ ಎಷ್ಟೋ ಸಲ ನೋಡಿದ್ದೇನೆ. ಅತ್ತು ಮುಗಿಸಿ ಅವಳು ಹೋಗುವುದು ಕೆಲಸಕ್ಕೆ.

‘ಎಲ್ಲರೂ ಅವಳಿಗೆ ಸಹಾಯ ಮಾಡುತ್ತಾರೆ’ ಎಂಬುದು ನನಗೆ ಅರ್ಥವೇ ಆಗದ ದೂರು. ಮಾಡುತ್ತಾರೆ, ಏಕೆಂದರೆ ಅವಳು ಮೊದಲು ಕೈಚಾಚುತ್ತಾಳೆ. ಬಾಯ್ಲರ್ ಕೋಣೆಯಲ್ಲಿ ಕಲ್ಲಿದ್ದಲು ಹೊರುವ ಪುಟ್ಟ ಜೀವಿಗಳಲ್ಲಿ ಒಂದು ಮಸಿಯುಂಡೆ ಭಾರಕ್ಕೆ ಅಪ್ಪಚ್ಚಿಯಾದಾಗ ಚಿಹಿರೊ ಆ ಕಲ್ಲಿದ್ದಲನ್ನು ಎತ್ತುತ್ತಾಳೆ. ಎತ್ತಿದ ಮೇಲೆ ಎಲ್ಲಿಡುವುದೋ ತಿಳಿಯದು. ಹಿಡಿದ ಕೆಲಸವನ್ನು ಮುಗಿಸು ಎಂದು ಬಾಯ್ಲರ್ ನೋಡಿಕೊಳ್ಳುವ ಆರು ಕೈಗಳ ಮುದುಕ ಕಮಾಜಿ ಗದರುತ್ತಾನೆ. ಓಲಾಡುತ್ತಾ ಕುಲುಮೆಯ ಬಾಯಿಯವರೆಗೆ ಹೋಗಿ ಎಸೆದು ಬರುತ್ತಾಳೆ. ಮುದುಕನ ಮನಸ್ಸು ಕರಗುವುದು ಅಲ್ಲಿಂದ. ಸ್ನಾನಗೃಹದ ಕೆಲಸದವಳು ಲಿನ್ ಅಂತೂ ಮೊದಲ ಭೇಟಿಯಲ್ಲೇ, ಸಹಾಯ ಮಾಡಿದ ಕಮಾಜಿಗೆ ಕೃತಜ್ಞತೆ ಹೇಳಿದೆಯಾ ಎಂದು ಬೈಯುತ್ತಾಳೆ. ಅಲ್ಲಿ ಸಹಾಯವೂ ಸುಮ್ಮನೆ ಸಿಗುವುದಿಲ್ಲ, ರೀತಿನೀತಿಯನ್ನು ಕಲಿಯಬೇಕು. ದುರ್ನಾತದ ದೈವ ಬಂದಾಗ ಎಲ್ಲರೂ ಮೂಗು ಮುಚ್ಚಿ ಹಿಂದೆ ಸರಿಯುತ್ತಾರೆ. ಕೆಸರಿನೊಳಗೆ ಕೈಹಾಕಿ, ಅವನ ಮೈಗೆ ಮುಳ್ಳಿನಂತೆ ಏನೋ ಚುಚ್ಚಿಕೊಂಡಿದೆ ಎಂದು ಕಂಡುಹಿಡಿಯುವವಳು ಚಿಹಿರೊಳೇ. ಹಗ್ಗ ಕಟ್ಟಿ ಎಳೆದಾಗ ಒಂದು ಸೈಕಲ್, ಅದರ ಹಿಂದೆ ರಾಶಿ ಕಸ. ಒಳಗಿದ್ದದ್ದು ಒಂದು ನದಿಯ ದೈವ.

ಇದೇ ಗಳಿಗೆಯಲ್ಲಿ ಯುಬಾಬಾಳನ್ನು ಗಮನಿಸಿ. ಮುಳ್ಳಿನ ಸುದ್ದಿ ಕೇಳಿದ್ದೇ ತಡ, ಅವಳು ಎಲ್ಲರನ್ನೂ ಒಗ್ಗೂಡಿಸಿ ಹಗ್ಗ ಎಳೆಸುತ್ತಾಳೆ, ಆಮೇಲೆ ಹುಡುಗಿಯನ್ನು ತಬ್ಬಿಕೊಂಡು ಹೊಗಳುತ್ತಾಳೆ. ಹೆಸರು ಕಸಿದುಕೊಂಡು ದುಡಿಸುವವಳೂ ಇವಳೇ, ಕೆಲಸ ಕೇಳಿದವರಿಗೆ ಕೊಡಲೇಬೇಕು ಎಂಬ ಪ್ರತಿಜ್ಞೆಗೆ ಕಟ್ಟುಬಿದ್ದವಳೂ ಇವಳೇ. ಮಗ ಬೋ ಅತ್ತರೆ ಬೆವರುವ ಈ ತಾಯಿಗೆ, ಮಗ ಅದಲುಬದಲಾಗಿರುವುದು ಮಾತ್ರ ಕಾಣುವುದಿಲ್ಲ. ಅಮೂಲ್ಯವಾದುದೊಂದು ಬದಲಾಗಿದೆ ಎಂದು ಹಾಕು ಹೇಳಿದಾಗ ಅವಳ ಕಣ್ಣು ಮೊದಲು ಹೋಗುವುದು ಚಿನ್ನದ ಕಡೆಗೆ. ಆ ಒಂದು ನೋಟದಲ್ಲಿ ಅವಳ ಇಡೀ ಸ್ವಭಾವ ಇದೆ. ಇಂಥವಳನ್ನು ಕೊನೆಯಲ್ಲಿ ಬೆಂಕಿಗೆ ತಳ್ಳಿದ್ದರೆ ಕೆಲವರಿಗೆ ಸಮಾಧಾನವಾಗುತ್ತಿತ್ತೋ ಏನೋ. ನನಗೆ ಅವಳು ಹೀಗಿರುವುದೇ ಸರಿ. ಅವಳ ಅವಳಿ ಸೋದರಿ ಜೆನಿಬಾಳಿಗೂ ಧ್ವನಿ ಕೊಟ್ಟವರು ಮಾರಿ ನತ್ಸುಕಿ ಅವರೇ. ಒಂದೇ ಕಂಠದಲ್ಲಿ ಎರಡು ಮನೆಗಳ ಹವೆಯನ್ನು ತಂದಿದ್ದಾರೆ.

ಅತಿ ಹೆಚ್ಚು ಅನ್ಯಾಯವಾಗಿರುವುದು ಕಾಓನಾಶಿಗೆ. ತಲೆಬುಡವಿಲ್ಲ ಎನ್ನುವವರಿಗೆ ಅವನ ದಾರಿಯನ್ನು ಹೆಜ್ಜೆ ಹೆಜ್ಜೆಗೂ ತೋರಿಸಬಲ್ಲೆ. ಸೇತುವೆಯ ಮೇಲೆ ಒಬ್ಬನೇ ನಿಂತಿರುತ್ತಾನೆ, ಯಾರೂ ತಿರುಗಿ ನೋಡುವುದಿಲ್ಲ. ಮಳೆಯಲ್ಲಿ ನಿಂತಾಗ ಚಿಹಿರೊ ಮಾತಾಡಿಸಿ, ಬಾಗಿಲನ್ನು ತೆರೆದಿಟ್ಟು ಹೋಗುತ್ತಾಳೆ. ಅವನಿಗೆ ಸಿಕ್ಕ ಮೊದಲ ಉಪಚಾರ ಅದು. ಪ್ರತಿಯಾಗಿ ಅವಳಿಗೆ ಬೇಕಾಗಿದ್ದ ಸ್ನಾನದ ಚೀಟಿಯನ್ನು ದೊರಕಿಸಿಕೊಡುತ್ತಾನೆ, ಅವಳಿಗೆ ಸಂತೋಷವಾಗುತ್ತದೆ. ಹಾಗಾದರೆ ಇನ್ನಷ್ಟು ಕೊಟ್ಟರೆ ಇನ್ನಷ್ಟು ಸಂತೋಷವೆಂದುಕೊಂಡು ಕೈತುಂಬ ಚೀಟಿ ತರುತ್ತಾನೆ. ಅವಳು ಬೇಡವೆನ್ನುತ್ತಾಳೆ. ಅವನು ಮಾಯವಾಗುತ್ತಾನೆ, ಚೀಟಿಗಳು ನೆಲಕ್ಕೆ ಉದುರುತ್ತವೆ. ನದಿಯ ದೈವ ಬಿಟ್ಟುಹೋದ ಚಿನ್ನಕ್ಕೆ ಇಡೀ ಸ್ನಾನಗೃಹ ಮುಗಿಬಿದ್ದ ಮೇಲೆ, ಇಲ್ಲಿ ಪ್ರೀತಿ ಕೊಳ್ಳುವ ನಾಣ್ಯ ಯಾವುದು ಎಂಬುದನ್ನು ಅವನು ಕಲಿತುಬಿಡುತ್ತಾನೆ. ಕಪ್ಪೆಯನ್ನು ನುಂಗಿ ಕಪ್ಪೆಯ ದನಿಯಲ್ಲೇ ಮಾತಾಡುತ್ತಾನೆ, ತಟ್ಟೆ ತಟ್ಟೆ ಊಟ ತರಿಸಿ ಉಬ್ಬುತ್ತಾನೆ. ಎಲ್ಲರೂ ಚಿನ್ನಕ್ಕೆ ಕೈಯೊಡ್ಡುತ್ತಾರೆ, ಅವನಿಗೆ ಬೇಕಾದವಳೊಬ್ಬಳು ಬಿಟ್ಟು. ನನಗೆ ಬೇಕಾದುದನ್ನು ನೀನು ಕೊಡಲಾರೆ ಎನ್ನುತ್ತಾಳೆ ಅವಳು, ನಿನ್ನ ಮನೆ ಎಲ್ಲಿ, ಅಪ್ಪ ಅಮ್ಮ ಇಲ್ಲವೇ ಎಂದು ಕೇಳುತ್ತಾಳೆ. ಅಷ್ಟು ದೊಡ್ಡ ದೇಹ ಕುಗ್ಗಿಹೋಗುತ್ತದೆ. ಅವನು ಕೆಟ್ಟವನಲ್ಲ, ಸ್ನಾನಗೃಹದಲ್ಲಿರುವುದರಿಂದ ಹಾಗಾಗಿದ್ದಾನೆ ಎಂದು ಅವಳು ಲಿನ್‌ಗೆ ಹೇಳುತ್ತಾಳೆ. ನನ್ನ ವೃತ್ತಿಯಲ್ಲಿ ಇದಕ್ಕಿಂತ ಉಪಯುಕ್ತವಾದ ಮಾತನ್ನು ಯಾವ ತರಬೇತಿಯಲ್ಲೂ ನಾನು ಕೇಳಿಲ್ಲ. ಜೆನಿಬಾಳ ಮನೆಯಲ್ಲಿ ನೂಲುತ್ತಾ ಕುಳಿತಾಗ ಅವನು ಯಾರಿಗೂ ಏನನ್ನೂ ಕೊಟ್ಟು ಒಲಿಸಬೇಕಾಗಿಲ್ಲ.

ತಂದೆತಾಯಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವರು ದುಷ್ಟರಲ್ಲ. ಕಾರ್ಡ್ ಇದೆ, ಹಣ ಇದೆ, ಚಿಂತೆ ಬೇಡ ಎಂದು ಯಾರದೋ ಊಟಕ್ಕೆ ಕೈಹಾಕುವವರು, ಅಷ್ಟೇ.

ಟೀಕಾಕಾರರ ಒಂದು ಮಾತನ್ನು ಮಾತ್ರ ಒಪ್ಪುತ್ತೇನೆ. ಹಾಕು ಉಳಿದವರಷ್ಟು ತುಂಬಿಕೊಂಡಿಲ್ಲ. ಅವನು ಒಂದು ನದಿ, ಆ ನದಿಯನ್ನು ಮುಚ್ಚಿ ಮನೆಗಳನ್ನು ಕಟ್ಟಿದ್ದಾರೆ ಎಂಬ ಸಂಗತಿ ಆಕಾಶದಲ್ಲಿ ಹಾರುವಾಗ ತೀರಾ ಬೇಗ ಬಂದು ಹೋಗುತ್ತದೆ. ಅಲ್ಲಿ ಇನ್ನೊಂದಿಷ್ಟು ಹೊತ್ತು ನಿಲ್ಲಬಹುದಿತ್ತು.

2001ರ ಈ ಚಿತ್ರ 2002ರಲ್ಲಿ ಬರ್ಲಿನ್‌ನ ಗೋಲ್ಡನ್ ಬೇರ್ ಪ್ರಶಸ್ತಿಯನ್ನು, 2003ರಲ್ಲಿ ಆಸ್ಕರ್ ಅನ್ನು ಪಡೆಯಿತು. ಪ್ರಶಸ್ತಿಗಳನ್ನು ನೋಡಿ ಯಾರೂ ಇದನ್ನು ಮೆಚ್ಚಬೇಕಿಲ್ಲ. ಎರಡು ಗಂಟೆಗೆ ತುಸು ಮೇಲ್ಪಟ್ಟ ಅವಧಿ. ತೀರಾ ಚಿಕ್ಕ ಮಕ್ಕಳು ತಂದೆತಾಯಿ ಹಂದಿಗಳಾಗುವ ಭಾಗಕ್ಕೂ ಕಾಓನಾಶಿ ಬೆನ್ನಟ್ಟುವ ಭಾಗಕ್ಕೂ ಹೆದರಬಹುದು, ಆದ್ದರಿಂದ ಜೊತೆಯಲ್ಲಿ ಕುಳಿತು ನೋಡಿ. ಓದಲು ಬರುವ ಮಕ್ಕಳಿದ್ದರೆ ಸಬ್‌ಟೈಟಲ್ ಹಾಕಿ ಜಪಾನಿ ಧ್ವನಿಯಲ್ಲೇ ನೋಡಿ. ಚಿಹಿರೊಗೆ ರೂಮಿ ಹೀರಾಗಿ ಕೊಟ್ಟಿರುವ ಧ್ವನಿಯಲ್ಲಿ ಆರಂಭದ ಗೊಣಗಾಟವೂ ಕೊನೆಯ ದೃಢತೆಯೂ ಒಬ್ಬಳೇ ಹುಡುಗಿಯವು ಎಂಬುದು ಚೆನ್ನಾಗಿ ಕೇಳಿಸುತ್ತದೆ.